ವಾರ್ಡಿನಿಂದ ಮನೆಗೆ – ಕಂತು 11: ಹತ್ತು ಗಂಟೆ ಅಷ್ಟೇ, ಅಪ್ಪಯ್ಯ

ಹೋದ ವಾರ ಒಬ್ಬಳು ಹುಡುಗಿ ಇನ್‌ಬಾಕ್ಸಿಗೆ ಬರೆದಿದ್ದಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ಇಂಗ್ಲಿಷ್ ಪರೀಕ್ಷೆ ಪಾಸಾಗಿದೆ, ಇಂಗ್ಲೆಂಡಿಗೆ ಬರುವ ತಯಾರಿಯಲ್ಲಿದ್ದಾಳೆ. ಅಮ್ಮ ಮಾತ್ರ ಒಪ್ಪುತ್ತಿಲ್ಲವಂತೆ. "ಅಕ್ಕಾ, ಬೆಂಗಳೂರಿಂದ ಲಂಡನ್ನಿಗೆ ಸರಿಯಾಗಿ ಎಷ್ಟು ಗಂಟೆ ಹೇಳಿ. ನೀವು ಹೇಳಿದ್ರೆ ಅಮ್ಮ ನಂಬ್ತಾರೆ" ಅಂತ ಕೇಳಿದ್ದಳು.

ಒಂದು ಸಾಲಿನಲ್ಲಿ ಉತ್ತರ ಟೈಪ್ ಮಾಡಿದೆ: "ನೇರ ವಿಮಾನಕ್ಕೆ ಹತ್ತು ಗಂಟೆ." ಕಳಿಸೋಕೆ ಮುಂಚೆ ಕೈ ನಿಂತಿತು. 2019ರಲ್ಲಿ ಇದೇ ಮಾತನ್ನು ನಾನು ನನ್ನ ಅಪ್ಪಯ್ಯನಿಗೆ ಹೇಳಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ ಅನ್ನುವುದು ನನಗೆ ಗೊತ್ತಾಗೋಕೆ ಐದು ವರ್ಷ ಬೇಕಾಯಿತು. ಅದಕ್ಕೇ ಆ ಹುಡುಗಿಗೆ ಕೊಡಬೇಕಾದ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ. ಉದ್ದ ಇದೆ. ಟೀ ಮಾಡಿಕೊಂಡು ಕೂತು ಓದಿ.

*

ನಮ್ಮೂರು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಸಾಗರ ಪೇಟೆಯಿಂದ 18 ಕಿ.ಮೀ. ಒಳಗೆ. ಒಂದು ಎಕರೆ ಚಿಲ್ಲರೆ ಅಡಿಕೆ ತೋಟ, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಮನೆ. ನಾನು ಹೊರಡುವ ಹಿಂದಿನ ದಿನ ಅಪ್ಪಯ್ಯ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ಕೇಳಿದ್ದರು, "ಎಷ್ಟು ದೂರ ಮಗಾ ಅದು?"

"ಹತ್ತು ಗಂಟೆ ಅಷ್ಟೇ, ಅಪ್ಪಯ್ಯ. ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಹೋದ ಹಾಗೆ. ಸ್ವಲ್ಪ ಜಾಸ್ತಿ."

ಅಪ್ಪಯ್ಯ ತಲೆ ಆಡಿಸಿದರು. ಬೆಂಗಳೂರಿನ ರಾತ್ರಿ ಬಸ್ಸು ಅವರಿಗೆ ಗೊತ್ತಿದ್ದ ಅಳತೆ. ಇಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ಮೆಜೆಸ್ಟಿಕ್. ಆಮೇಲೆ ಊರಲ್ಲಿ ಯಾರು ಕೇಳಿದರೂ "ಎಂತ ದೂರನೂ ಇಲ್ಲ, ಹತ್ತು ಗಂಟೆ" ಅಂತ ಅವರೇ ಹೇಳುತ್ತಿದ್ದರಂತೆ.

ಮೊದಲು ಲೆಕ್ಕ ಹೇಳುತ್ತೇನೆ, ಯಾಕೆಂದರೆ ಲೆಕ್ಕ ತಪ್ಪಲ್ಲ. ಲಂಡನ್ನಿನ ಹೀಥ್ರೋದಿಂದ ಬೆಂಗಳೂರಿಗೆ ಭೂಮಿಯ ದುಂಡಗಿನ ಮೈ ಮೇಲೆ ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 8,000 ಕಿ.ಮೀ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಒಂಬತ್ತು ಗಂಟೆ. ಏರೋದು, ಇಳಿಯೋದು, ಸುತ್ತುಬಳಸು ಸೇರಿ ಹತ್ತು. ಆದರೆ ವಿಮಾನ ಆ ಗೆರೆಯ ಮೇಲೇ ಹೋಗುವುದಿಲ್ಲ. 2021ರ ಆಗಸ್ಟಿನ ನಂತರ ಅಫ್ಘಾನಿಸ್ತಾನದ ಮೇಲೆ ಹೋಗಲು ಹೆಚ್ಚಿನ ಕಂಪನಿಗಳು ಹಿಂಜರಿದವು. 2022ರ ಫೆಬ್ರವರಿ 24ರಿಂದ ಉಕ್ರೇನಿನ ಆಕಾಶ ಮುಚ್ಚಿದೆ. 2025ರ ಏಪ್ರಿಲ್ ಕೊನೆಯಿಂದ ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶವೂ ಮುಚ್ಚಿತು. ಎಲ್ಲೋ ಇಬ್ಬರು ಜಗಳ ಆಡಿದರೆ ನಮ್ಮ ದಾರಿ ಉದ್ದ ಆಗುತ್ತದೆ.

ಇನ್ನೊಂದು ವಿಷಯ, ಹೋಗುವಾಗ ಬರುವಾಗ ಸಮಯ ಒಂದೇ ಅಲ್ಲ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದಕ್ಕೆ ಜೋರು ಹೆಚ್ಚು. ಊರಿಗೆ ಹೋಗುವಾಗ ಅದು ಬೆನ್ನು ತಳ್ಳುತ್ತದೆ. ವಾಪಸ್ ಬರುವಾಗ ಎದುರಿಗೆ ನಿಲ್ಲುತ್ತದೆ, ಮುಕ್ಕಾಲು ಗಂಟೆ, ಒಂದು ಗಂಟೆ ಜಾಸ್ತಿ. ನಾವು ಇಲ್ಲಿನ ನರ್ಸುಗಳು ತಮಾಷೆ ಮಾಡುತ್ತೇವೆ, ಗಾಳಿಗೂ ಗೊತ್ತು ಯಾವ ಕಡೆ ಮನೆ ಅಂತ.

ಗಡಿಯಾರದ ಲೆಕ್ಕ ಬೇರೆ. ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಇಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. ಅಮ್ಮನಿಗೆ ಇದು ಇವತ್ತಿಗೂ ಅರ್ಥ ಆಗಿಲ್ಲ. ಅವಳು ಕಂಡುಕೊಂಡ ದಾರಿ ಸುಲಭದ್ದು: ನನ್ನ ನೈಟ್ ಡ್ಯೂಟಿಯ ಎರಡು ಗಂಟೆ ಬ್ರೇಕು ಅಂದರೆ ಚಳಿಗಾಲದಲ್ಲಿ ಮನೆಯ ಏಳೂವರೆ, ದೋಸೆ ಹೊತ್ತು. ಬೇಸಿಗೆಯಲ್ಲಿ ಆರೂವರೆ, ಹಾಲು ಕರೆಯುವ ಹೊತ್ತು. ಇಲ್ಲಿ ನಡುರಾತ್ರಿ ವೆಂಡಿಂಗ್ ಮಷೀನಿನ ಬೆಳಕಲ್ಲಿ ಕೂತು ನಾನು ಅಮ್ಮನ ಕಾವಲಿ ಚುರ್ರ್ ಅನ್ನುವುದನ್ನು ಕೇಳಿದ್ದೇನೆ.

ಹೀಗೆ ಎಲ್ಲ ಲೆಕ್ಕ ಗೊತ್ತಿದ್ದವಳು ನಾನು. ಹತ್ತು ಗಂಟೆಯನ್ನು ನಂಬಿದ್ದೆ.

ಮೊದಲ ಪೆಟ್ಟು ಬಿದ್ದದ್ದು 2020ರಲ್ಲಿ. ಮಾರ್ಚ್ 23ರಿಂದ ಭಾರತಕ್ಕೆ ಬರುವ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳೆಲ್ಲ ನಿಂತವು. ಪೂರ್ತಿಯಾಗಿ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ನಡುವೆ ವಿಶೇಷ ವಿಮಾನಗಳಿದ್ದವು, ಆಮೇಲೆ ದೇಶ ದೇಶಗಳ ಒಪ್ಪಂದದ ವಿಮಾನಗಳು. 2021ರ ಏಪ್ರಿಲ್ 23ರಿಂದ ಆಗಸ್ಟ್ 8ರವರೆಗೆ ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಯಲ್ಲಿ ಇಟ್ಟಿತ್ತು. ಹೋದರೆ ವಾಪಸ್ ಬರುವಾಗ ನಮ್ಮದೇ ದುಡ್ಡಲ್ಲಿ ಹತ್ತು ದಿನ ಹೋಟೆಲಿನಲ್ಲಿ ಬಂದಿ. ನಮ್ಮ ಅಜ್ಜಿ ತೀರಿಕೊಂಡಿದ್ದು ಆ ಕಾಲದಲ್ಲಿ. ನಾನು ನೋಡಿದ್ದು ತಮ್ಮನ ಫೋನಿನ ಪರದೆಯಲ್ಲಿ, ಸಿಗ್ನಲ್ ಬಂದು ಹೋಗುತ್ತಾ. 8,000 ಕಿ.ಮೀ. ಅಷ್ಟೇ ಇತ್ತು, ಒಂದು ಕಿ.ಮೀ. ಕೂಡ ಹೆಚ್ಚಾಗಿರಲಿಲ್ಲ. ಆದರೆ ಗಂಟೆಯ ಲೆಕ್ಕವೇ ಇರಲಿಲ್ಲ.

ಎಲ್ಲರಿಗೂ ಹಾಗೇ ಆಗಿತ್ತು, ಕೊರೊನಾ ಅಲ್ಲವಾ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮತ್ತೆ ವಿಮಾನ ಹಾರಿದವು. ಮತ್ತೆ ಹತ್ತು ಗಂಟೆ ಆಯಿತು.

*

2024ರ ಜನವರಿ 16, ಮಂಗಳವಾರ. ಸಂಕ್ರಾಂತಿಯ ಮಾರನೇ ದಿನ.

ನಾನಿರುವುದು ಲೀಡ್ಸ್‌ನಲ್ಲಿ. ಅವತ್ತು ನನ್ನದು ಲಾಂಗ್ ಡೇ, ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ. ಫೋನು ಲಾಕರಿನಲ್ಲಿ. ಮಧ್ಯಾಹ್ನ ಎರಡೂವರೆಗೆ ಬ್ರೇಕಿಗೆ ಹೋಗಿ ತೆಗೆದರೆ ತಮ್ಮನ ಏಳು ಮಿಸ್ಡ್ ಕಾಲ್.

ನರ್ಸುಗಳಿಗೆ ಗೊತ್ತು. ಒಂದು ಮಿಸ್ಡ್ ಕಾಲ್ ಅಂದರೆ ಮಾತು. ಏಳು ಅಂದರೆ ಮಾತಲ್ಲ.

ವಿಡಿಯೋ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಎಂಟು. ಮನೆಯ ಮುಂದಿನ ಚಪ್ಪರದಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತಂತೆ. ಅಕ್ಕಪಕ್ಕದ ಏಳೆಂಟು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಅಪ್ಪಯ್ಯನ ಬಲಗೈಯಿಂದ ಅಡಿಕೆ ಜಾರಿತು. ಹೆಕ್ಕಿದರು. ಮತ್ತೆ ಜಾರಿತು. ಏನೋ ಹೇಳೋಕೆ ಹೋದರು, ಮಾತು ತೊದಲಿತು. ಪಕ್ಕದ ಮನೆ ಅಕ್ಕ "ಎಂತ ಆಯ್ತು ಅಣ್ಣಯ್ಯ" ಅಂತ ಹಿಡಿದುಕೊಳ್ಳೋ ಹೊತ್ತಿಗೆ ಬಲಕ್ಕೆ ವಾಲಿದ್ದರು.

"ಎಷ್ಟು ಹೊತ್ತಿಗೆ?" ನಾನು ಕೇಳಿದ ಮೊದಲ ಪ್ರಶ್ನೆ.

"ಏಳೂ ಕಾಲು ಇರಬೇಕು ಅಕ್ಕ. ಟಿ.ವಿ.ಲಿ ವಾರ್ತೆ ಬರ್ತಿತ್ತು."

"ಅಲ್ಲೀವರೆಗೆ ಸರಿ ಇದ್ರಾ? ಖಂಡಿತ?"

"ಸರಿ ಇದ್ರು. ಚಾ ಕುಡಿದು ಕೂತಿದ್ರು."

ಫೋನನ್ನು ಅಪ್ಪಯ್ಯನ ಮುಖಕ್ಕೆ ಹಿಡಿಯೋಕೆ ಹೇಳಿದೆ. ಬಾಯಿಯ ಬಲಗಡೆ ಕೆಳಗೆ ಇಳಿದಿತ್ತು. "ಅಪ್ಪಯ್ಯ, ಎರಡೂ ಕೈ ಎತ್ತಿ" ಅಂದೆ. ಎಡಗೈ ಬಂತು. ಬಲಗೈ ಬರಲಿಲ್ಲ. ನನ್ನ ಮುಖ ನೋಡಿ ಏನೋ ಹೇಳಿದರು. ಶಬ್ದ ಇತ್ತು, ಮಾತಿರಲಿಲ್ಲ.

ನಾನು ಇಂಗ್ಲೆಂಡಿಗೆ ಬಂದ ಮೊದಲ ಒಂದೂವರೆ ವರ್ಷ ಕೆಲಸ ಮಾಡಿದ್ದು ಸ್ಟ್ರೋಕ್ ವಾರ್ಡಿನಲ್ಲಿ. ಈ ಮುಖ ನಾನು ನೂರು ಸಲ ನೋಡಿದ್ದೇನೆ. ನೂರು ಜನರ ಮಕ್ಕಳಿಗೆ ವಿವರಿಸಿದ್ದೇನೆ: ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡರೆ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಕಟ್ಟಿಕೊಂಡಿದ್ದಾ, ನಾಳ ಒಡೆದು ರಕ್ತ ಸೋರುತ್ತಿದೆಯಾ ಅಂತ ಹೊರಗಿನಿಂದ ನೋಡಿ ಹೇಳೋಕೆ ಯಾರಿಗೂ ಆಗದು. ಸೋರುತ್ತಿದ್ದರೆ ಅದೇ ಇಂಜೆಕ್ಷನ್ ಕೊಂದುಬಿಡುತ್ತದೆ.

ಏಳೂ ಕಾಲಕ್ಕೆ ನಾಲ್ಕೂವರೆ ಗಂಟೆ ಕೂಡಿಸಿದೆ. ಹನ್ನೊಂದೂ ಮುಕ್ಕಾಲು. ಈಗ ಎಂಟು.

ಹತ್ತು ಗಂಟೆಯ ದೂರದಲ್ಲಿರುವ ಮಗಳು ನಾಲ್ಕೂವರೆ ಗಂಟೆಯ ಕಾಯಿಲೆಗೆ ಏನು ಮಾಡಬಲ್ಲಳು? ಏನೂ ಇಲ್ಲ. ಆ ಕ್ಷಣದಲ್ಲಿ ನನಗೆ ಅರ್ಥ ಆಗಿದ್ದು ಇದು: ಇವತ್ತು ಲಂಡನ್–ಬೆಂಗಳೂರಿನ ದೂರ ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕಿರುವುದು ನಮ್ಮನೆಯಿಂದ ಶಿವಮೊಗ್ಗದವರೆಗಿನ 90 ಕಿ.ಮೀ.

*

"ಈಗಲೇ ಹೊರಡಿ. ಶಿವಮೊಗ್ಗಕ್ಕೆ. ಎಲ್ಲೂ ನಿಲ್ಲಬೇಡಿ" ಅಂದೆ.

ಆಗ ಚಿಕ್ಕಪ್ಪನ ಧ್ವನಿ ಬಂತು. "ಇದು ಲಕ್ವ ಕಣೇ. ಇದಕ್ಕೆ ಆಸ್ಪತ್ರೇಲಿ ಎಂತ ಮಾಡ್ತಾರೆ? ಸೊಪ್ಪಿನ ಔಷಧಿ ಕೊಡೋರು ಇದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗೋಣ. ಈ ರಾತ್ರೀಲಿ ಅಲ್ಲಾಡಿಸಬಾರದು."

ಚಿಕ್ಕಪ್ಪ ಕೆಟ್ಟವರಲ್ಲ. ಅವರ ಅತ್ತೆಗೆ ಹಿಂದೆ ಹೀಗೇ ಆಗಿ, ಸೊಪ್ಪಿನ ಔಷಧಿ ತಗೊಂಡು ಎಂಟು ವರ್ಷ ಬದುಕಿದ್ದರು. ಅವರು ಕಣ್ಣಾರೆ ಕಂಡದ್ದು ಅದು. ಲೀಡ್ಸ್‌ನ ಸ್ಟ್ರೋಕ್ ವಾರ್ಡನ್ನು ಅವರು ಕಂಡಿಲ್ಲ. ಕಾರು ಇದ್ದಿದ್ದೂ ಅವರದ್ದೇ, ಹಳೇ ಓಮ್ನಿ. 108ಕ್ಕೆ ತಮ್ಮ ಆಗಲೇ ಫೋನ್ ಮಾಡಿದ್ದ. ಹತ್ತಿರದ ಆಂಬುಲೆನ್ಸ್ ಬೇರೆ ಕರೆಗೆ ಹೋಗಿತ್ತು, ಬರೋಕೆ ಹೊತ್ತಾಗುತ್ತದೆ ಅಂದಿದ್ದರು.

ನಾನು ವಾದ ಮಾಡಿದೆ. ನಾಲ್ಕೂವರೆ ಗಂಟೆ ಅಂದೆ, ಸ್ಕ್ಯಾನ್ ಅಂದೆ, 19 ಲಕ್ಷ ಅಂದೆ. ಯಾವುದೂ ಆ ಕಡೆ ಮುಟ್ಟಲಿಲ್ಲ. ಕೊನೆಗೆ ನಂಗೆ ಮಾತು ನಿಂತು ಅಳು ಬಂತು. ಯೂನಿಫಾರ್ಮ್ ಹಾಕಿಕೊಂಡು, ಸ್ಟಾಫ್ ರೂಮಿನಲ್ಲಿ, ಯಾರದೋ ಮೈಕ್ರೋವೇವ್ ಗುಂಯ್ ಅನ್ನುತ್ತಿರುವಾಗ, "ಚಿಕ್ಕಪ್ಪ, ನಾನು ಅಲ್ಲಿ ಇಲ್ಲ. ನೀವಿದ್ದೀರಿ. ನಿಮ್ಮ ಕಾಲು ಹಿಡ್ಕೋತೀನಿ, ಹೊರಡಿ" ಅಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೀ ಗೊಂಚಲಿನ ಸದ್ದು ಕೇಳಿಸಿತು.

ಎಂಟೂ ಇಪ್ಪತ್ತಕ್ಕೆ ಓಮ್ನಿ ಹೊರಟಿತು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಕಿ, ಅಪ್ಪಯ್ಯನನ್ನು ಎಡಮಗ್ಗುಲಿಗೆ ಮಲಗಿಸಿಕೊಂಡು ತಮ್ಮ ಕೂತ. ಒಂದು ಹನಿ ನೀರೂ ಕೊಡಬೇಡಿ, ಮಾತ್ರೆ ಏನೂ ಬೇಡ ಅಂತ ಮೂರು ಸಲ ಹೇಳಿದೆ. ನುಂಗುವ ಶಕ್ತಿ ಹೋಗಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ಮೋಸಂಬಿ ಶರಬತ್ತಿನ ಲೋಟ ಹಿಡಿದಿದ್ದಳಂತೆ. ಅದನ್ನು ಬೇಡ ಅನ್ನುವುದು ತಮ್ಮನಿಗೆ ಎಲ್ಲಕ್ಕಿಂತ ಕಷ್ಟ ಆಯಿತಂತೆ.

ಸಾಗರ ದಾಟಿದರು. ಆನಂದಪುರ. ಆನಂದಪುರದ ಆಚೆ ಸಿಗ್ನಲ್ ಹೋಯಿತು. ಚೋರಡಿ, ಕುಂಸಿ, ಆಯನೂರು ಅಂತ ಆ ದಾರಿಯ ಒಂದೊಂದು ಊರೂ ನನಗೆ ಬಾಯಿಪಾಠ. ಕಾಲೇಜಿಗೆ ವರ್ಷಗಟ್ಟಲೆ ಬಸ್ಸಲ್ಲಿ ಓಡಾಡಿದ ದಾರಿ. ಕಣ್ಣು ಮುಚ್ಚಿ ಲೆಕ್ಕ ಹಾಕಿದೆ, ಈಗ ಇಲ್ಲಿರಬಹುದು, ಈಗ ಅಲ್ಲಿರಬಹುದು. ವಿಮಾನದ ಪರದೆಯಲ್ಲಿ ಪುಟ್ಟ ವಿಮಾನ ಚಲಿಸುವುದನ್ನು ನೋಡುತ್ತೀವಲ್ಲ, ಹಾಗೆ ನನ್ನ ತಲೆಯೊಳಗೆ ಒಂದು ಓಮ್ನಿ ಚಲಿಸುತ್ತಿತ್ತು.

ಆ ನಡುವೆ ಶಿವಮೊಗ್ಗದ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಲೀಡ್ಸ್‌ನಿಂದ ಫೋನ್ ಮಾಡಿದೆ. ಎತ್ತಿದವಳು ಡ್ಯೂಟಿ ನರ್ಸ್. ಮೊದಲು ಅವಳಿಗೆ ಗೊಂದಲ, ಯಾರೋ ವಿದೇಶದಿಂದ ಮಾತಾಡುತ್ತಿದ್ದಾರೆ ಅಂತ. "ಸಿಸ್ಟರ್, ನಾನೂ ನರ್ಸೇ" ಅಂದೆ. ಅಷ್ಟು ಸಾಕಾಯಿತು. ವಯಸ್ಸು 64, ಬಲಭಾಗ ಬಲಹೀನ, ಮಾತು ಹೋಗಿದೆ, ಕೊನೆಯದಾಗಿ ಸರಿ ಇದ್ದದ್ದು 7.15, ಬಿ.ಪಿ. ಮಾತ್ರೆ ತಗೋತಾರೆ, ಸಕ್ಕರೆ ಕಾಯಿಲೆ ಇಲ್ಲ, ರಕ್ತ ತೆಳು ಮಾಡುವ ಮಾತ್ರೆ ಇಲ್ಲ. ಶಿಫ್ಟ್ ಬದಲಾಗುವಾಗ ಒಬ್ಬಳು ಇನ್ನೊಬ್ಬಳಿಗೆ ಒಪ್ಪಿಸುವ ಹಾಗೆ ಒಪ್ಪಿಸಿದೆ. "ಸ್ಕ್ಯಾನ್ ರೂಮಿಗೆ ಹೇಳಿ ಇಡ್ತೀನಿ ಅಕ್ಕ, ಸೀದಾ ಕರ್ಕೊಂಡು ಬರೋಕೆ ಹೇಳಿ" ಅಂದಳು. ಅವಳ ಮುಖ ನಾನು ನೋಡಿಲ್ಲ. ಆಮೇಲೆ ಹುಡುಕಿದಾಗ ರಜೆಯಲ್ಲಿದ್ದಳು.

ಹತ್ತೂ ಮೂವತ್ತೈದಕ್ಕೆ ತಲುಪಿದರು. 90 ಕಿ.ಮೀ.ಗೆ ಎರಡೂ ಕಾಲು ಗಂಟೆ. ಹತ್ತೂ ಐವತ್ತಕ್ಕೆ ಸ್ಕ್ಯಾನ್. ರಕ್ತಸ್ರಾವ ಇಲ್ಲ. ಬಿ.ಪಿ. ಮಾತ್ರ ಜಾಸ್ತಿ ಇತ್ತು. 185/110ಕ್ಕಿಂತ ಕೆಳಗೆ ಇಳಿಯದೆ ಆ ಇಂಜೆಕ್ಷನ್ ಕೊಡುವಂತಿಲ್ಲ. ಇಳಿಸೋಕೆ ಔಷಧಿ ಕೊಟ್ಟರು.

ಡಾಕ್ಟರು ತಮ್ಮನ ಮುಂದೆ ಒಪ್ಪಿಗೆ ಪತ್ರ ಇಟ್ಟರು. ನೂರರಲ್ಲಿ ಸುಮಾರು ಆರು ಜನಕ್ಕೆ ಇದರಿಂದಲೇ ಮೆದುಳಲ್ಲಿ ರಕ್ತಸ್ರಾವ ಆಗಬಹುದು ಅಂತ ಹೇಳಿದರು. ತಮ್ಮ ಫೋನ್ ಹಿಡಿದು ಕೇಳಿದ, "ಅಕ್ಕ, ಸೈನ್ ಹಾಕ್ಲಾ?"

ಆ ಅಂಕಿಯನ್ನು ನಾನೇ ಎಷ್ಟೋ ಮಕ್ಕಳ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ. ಅವರು ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು. ನೂರರಲ್ಲಿ ಆರು ಅಂದರೆ ಚಿಕ್ಕದು ಅಂತ ನನಗೆ ಆಗ ಅನಿಸುತ್ತಿತ್ತು. ನಮ್ಮ ಅಪ್ಪಯ್ಯ ಆ ಆರರಲ್ಲಿ ಒಬ್ಬರಾದರೆ? ತಮ್ಮನಿಗೆ ಆಗ 26 ವರ್ಷ. ಜೀವನ ಪೂರ್ತಿ ಅವನು ಆ ಸಹಿ ಹೊರಬೇಕು, ನಾನು 8,000 ಕಿ.ಮೀ. ದೂರದಿಂದ ಹಾಕಿಸಿದ ಸಹಿ.

"ಹಾಕು. ನಾನು ಹೇಳಿದ್ದು ಅಂತ ಹಾಕು" ಅಂದೆ.

ಹನ್ನೊಂದೂ ಇಪ್ಪತ್ತಕ್ಕೆ ಇಂಜೆಕ್ಷನ್ ಶುರುವಾಯಿತು. ನಾಲ್ಕೂವರೆ ಗಂಟೆಗೆ ಇಪ್ಪತ್ತೈದು ನಿಮಿಷ ಬಾಕಿ ಇತ್ತು. ಚಿಕ್ಕಪ್ಪ ಇನ್ನು ಅರ್ಧ ಗಂಟೆ ವಾದ ಮಾಡಿದ್ದರೆ, ನಾನು ಮೂರು ಗಂಟೆಗೆ ಬ್ರೇಕಿಗೆ ಹೋಗಿದ್ದರೆ, ಆ ಬಾಗಿಲು ಮುಚ್ಚಿರುತ್ತಿತ್ತು.

*

ಇಲ್ಲಿಗೆ ನನ್ನ ಪ್ರಯಾಣ ಶುರು. ಆಗ ಲೀಡ್ಸ್‌ನಲ್ಲಿ ಸಂಜೆ ಆರು ಗಂಟೆ, ಜನವರಿಯ ಕಗ್ಗತ್ತಲು.

ನಮ್ಮ ಇನ್‌ಚಾರ್ಜ್ ಸಿಸ್ಟರ್ ಫಿಲಿಪೈನ್ಸ್‌ನವರು. ನನ್ನ ರೋಗಿಗಳನ್ನು ಮೂರು ಗಂಟೆಗೇ ಬೇರೆಯವರಿಗೆ ಹಂಚಿ ನನ್ನನ್ನು ಬಿಟ್ಟಿದ್ದರು. ಅವರು ಏನೂ ಕೇಳಲಿಲ್ಲ. ಅವರಮ್ಮ ತೀರಿಕೊಂಡಾಗ ಮನಿಲಾಕ್ಕೆ, ಅಲ್ಲಿಂದ ತಮ್ಮ ದ್ವೀಪಕ್ಕೆ ತಲುಪೋಕೆ ಮೂರನೇ ದಿನ ಆಗಿತ್ತು. ಒಂದು ಮಾತು ಹೇಳಿದರು: "ಹತ್ತಿರದ ವಿಮಾನ ನೋಡಬೇಡ, ತಪ್ಪಿಹೋಗದ ವಿಮಾನ ನೋಡು."

ಮ್ಯಾಂಚೆಸ್ಟರಿನಿಂದ ಕೊಲ್ಲಿ ದೇಶದ ಮೇಲೆ ಹೋಗುವ ರಾತ್ರಿ ವಿಮಾನ ಇತ್ತು. ಪಾಸ್‌ಪೋರ್ಟ್, ಇಲ್ಲಿನ ವಾಸದ ಕಾರ್ಡು ಮನೆಯಲ್ಲಿ. ತಗೊಂಡು ಹೋಗುವ ಹೊತ್ತಿಗೆ ಚೆಕ್‌ಇನ್ ಮುಚ್ಚಿರುತ್ತಿತ್ತು. ಮಾರನೇ ಬೆಳಿಗ್ಗೆ ಇನ್ನೊಂದಿತ್ತು, ಆದರೆ ನಡುವೆ ಇಳಿದು ಹತ್ತಬೇಕು. ಮೊದಲನೆಯದು ತಡವಾದರೆ ಎರಡನೆಯದು ಹೋಯಿತು. ಕೊನೆಗೆ ಮಾರನೇ ಮಧ್ಯಾಹ್ನ ಒಂದೂವರೆಯ ನೇರ ವಿಮಾನ ಹಿಡಿದೆ, ಹೀಥ್ರೋದಿಂದ.

ಹೊರಗಿನವರಿಗೆ ಲಂಡನ್ ಅಂದರೆ ಇಂಗ್ಲೆಂಡ್ ಪೂರ್ತಿ. ಲೀಡ್ಸ್‌ನಿಂದ ಹೀಥ್ರೋಗೆ ಸುಮಾರು 320 ಕಿ.ಮೀ., ಹೆಚ್ಚುಕಮ್ಮಿ ಬೆಂಗಳೂರಿನಿಂದ ಶಿವಮೊಗ್ಗದಷ್ಟು. ಆ ಎರಡು ರಸ್ತೆಗಳು ನಮ್ಮ ಟಿಕೆಟಿನ ಮೇಲೆ ಎಂದೂ ಇರುವುದಿಲ್ಲ.

ಆ ಪ್ರಯಾಣದ ಲೆಕ್ಕ ಹೀಗೆ, ಆಮೇಲೆ ಡೈರಿಯಲ್ಲಿ ಬರೆದುಕೊಂಡದ್ದು. ಫೋನ್ ಎತ್ತಿದ್ದರಿಂದ ಮನೆ ಬಿಡುವವರೆಗೆ ಎಂಟೂವರೆ ಗಂಟೆ. ರಾತ್ರಿ ಹನ್ನೊಂದರ ಕೋಚ್‌ನಲ್ಲಿ ಹೀಥ್ರೋವರೆಗೆ ಆರೂವರೆ. ವಿಮಾನ ನಿಲ್ದಾಣದಲ್ಲಿ ಕಾದಿದ್ದು ಎಂಟು. ಆಕಾಶದಲ್ಲಿ ಹತ್ತು. ಬೆಂಗಳೂರಲ್ಲಿ ಇಮಿಗ್ರೇಷನ್, ಸಾಮಾನು, ಟ್ಯಾಕ್ಸಿ ಅಂತ ಒಂದು. ರಸ್ತೆಯಲ್ಲಿ ಆರೂ ಕಾಲು. ಒಟ್ಟು ನಲವತ್ತೂ ಕಾಲು ಗಂಟೆ. ಅಪ್ಪಯ್ಯನಿಗೆ ನಾನು ಹೇಳಿದ್ದು ಅದರ ಕಾಲು ಭಾಗ.

ಆ ಹತ್ತು ಗಂಟೆಯೇ ಎಲ್ಲಕ್ಕಿಂತ ಕಷ್ಟದ್ದು. ಕೋಚ್‌ನಲ್ಲಿ, ನಿಲ್ದಾಣದಲ್ಲಿ ಫೋನ್ ಇತ್ತು. ಅರ್ಧ ಗಂಟೆಗೊಮ್ಮೆ ತಮ್ಮ ಬರೆಯುತ್ತಿದ್ದ: ನಿದ್ದೆ ಮಾಡ್ತಿದ್ದಾರೆ. ಬಲಗಾಲು ಸ್ವಲ್ಪ ಅಲ್ಲಾಡಿತು. ಮತ್ತೆ ಸ್ಕ್ಯಾನ್ ಮಾಡ್ತಾರಂತೆ. ಇಂಜೆಕ್ಷನ್ ಆದ 24 ಗಂಟೆಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ ರಕ್ತಸ್ರಾವ ಆಗಿದೆಯಾ ನೋಡುತ್ತಾರೆ. ಅಂದರೆ ಬುಧವಾರ ರಾತ್ರಿ ಹನ್ನೊಂದೂ ಇಪ್ಪತ್ತರ ಸುಮಾರಿಗೆ. ನಾನು ಆಗ ಆಕಾಶದಲ್ಲಿರುತ್ತೇನೆ. ಬಾಗಿಲು ಹಾಕಿ ಫೋನ್ ಆಫ್ ಮಾಡಿ ಅಂದಾಗ, ಆ ಉತ್ತರ ಸಿಗದ ಜಾಗಕ್ಕೆ ನಾನೇ ದುಡ್ಡು ಕೊಟ್ಟು ಹೋಗುತ್ತಿದ್ದೇನೆ ಅನಿಸಿತು.

ಪೂರ್ವಕ್ಕೆ ಹಾರುವಾಗ ಕತ್ತಲೆ ಎದುರಿಗೇ ಓಡಿ ಬರುತ್ತದೆ. ಊಟದ ತಟ್ಟೆ ತೆಗೆಯುವ ಮುಂಚೆಯೇ ಕಿಟಕಿ ಕಪ್ಪಾಯಿತು. ಮುಂದಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡು ಕೂತೆ. ಎತ್ತರ 37,000 ಅಡಿ. ಹೊರಗೆ ಸೊನ್ನೆಗಿಂತ ಐವತ್ತು ಚಿಲ್ಲರೆ ಡಿಗ್ರಿ ಕೆಳಗೆ. ನೆಲದ ಮೇಲಿನ ವೇಗ ಗಂಟೆಗೆ ಸಾವಿರ ಕಿ.ಮೀ. ದಾಟಿತ್ತು. ಬೆನ್ನಿಗೆ ಗಾಳಿ ಇತ್ತು. ಕಪ್ಪು ಸಮುದ್ರದ ಹತ್ತಿರ ಇದ್ದಾಗ ಭಾರತದ ಹನ್ನೊಂದೂ ಇಪ್ಪತ್ತು ಕಳೆಯಿತು. ಗಂಟೆಗೆ ಸಾವಿರ ಕಿ.ಮೀ. ವೇಗದಲ್ಲಿ ಹೋಗುತ್ತಾ ಇಷ್ಟು ನಿಸ್ಸಹಾಯಕಳಾಗಿ ಕೂತಿರಬಹುದು ಅಂತ ನನಗೆ ಗೊತ್ತಿರಲಿಲ್ಲ. ಪಕ್ಕದ ಸೀಟಿನ ಹಿರಿಯರು ಮಗನ ಮನೆಯಿಂದ ವಾಪಸ್ ಹೊರಟವರು. "ಊರಿಗಾ ಅಮ್ಮ? ರಜಾನಾ?" ಅಂತ ಕೇಳಿದರು. "ಹೌದು, ರಜಾ" ಅಂದೆ.

ಬೆಂಗಳೂರಲ್ಲಿ ಚಕ್ರ ನೆಲ ಮುಟ್ಟಿದಾಗ ಬೆಳಿಗ್ಗೆ ಐದು. ಫೋನ್ ಆನ್ ಮಾಡಿ ಮೆಸೇಜು ಬರುವವರೆಗಿನ ಆ ಎರಡು ನಿಮಿಷವನ್ನು ನಾನು ಯಾವ ಲೆಕ್ಕಕ್ಕೂ ಸೇರಿಸಿಲ್ಲ. ಆಮೇಲೆ ಬಂತು: "ಸ್ಕ್ಯಾನ್ ಆಯ್ತು. ರಕ್ತ ಇಲ್ಲ. ಅಕ್ಕ, ನಿಧಾನಕ್ಕೆ ಬಾ."

ಶಿವಮೊಗ್ಗಕ್ಕೆ 2023ರ ಆಗಸ್ಟ್ 31ರಿಂದ ವಿಮಾನ ಶುರುವಾಗಿತ್ತು. ಅವತ್ತು ಸೀಟು ಸಿಗಲಿಲ್ಲ. ಟ್ಯಾಕ್ಸಿ ಹತ್ತಿದೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ. ತಿಪಟೂರಿನ ತೆಂಗಿನ ತೋಟ ಕಳೆದ ಮೇಲೆ ನಿದ್ದೆ ಬಂತು. ಎರಡು ರಾತ್ರಿಯ ಮೊದಲ ನಿದ್ದೆ.

*

ಗುರುವಾರ ಮಧ್ಯಾಹ್ನ ಹನ್ನೆರಡೂ ಕಾಲಕ್ಕೆ ವಾರ್ಡಿನ ಬಾಗಿಲಲ್ಲಿ ನಿಂತೆ. ಅಭ್ಯಾಸಬಲ, ಮೊದಲು ನೋಡಿದ್ದು ಮಾನಿಟರು. ಆಮೇಲೆ ಅಪ್ಪಯ್ಯನ ಮುಖ.

ಬಾಯಿ ಸ್ವಲ್ಪ ಸೊಟ್ಟ ಇತ್ತು, ಮೊದಲಿನಷ್ಟಿಲ್ಲ. ನನ್ನನ್ನು ನೋಡಿ ತುಟಿ ಅಲ್ಲಾಡಿಸಿದರು. ಒಂದು ಪದಕ್ಕಾಗಿ ಹುಡುಕಿದರು, ಸಿಗಲಿಲ್ಲ, ಮತ್ತೆ ಹುಡುಕಿದರು. ನಾನು ಕಾದೆ. ರೋಗಿಗೆ ಪದ ಸಿಗುವವರೆಗೆ ಕಾಯಬೇಕು, ನಾವು ಪೂರ್ತಿ ಮಾಡಬಾರದು ಅಂತ ಕಲಿತಿದ್ದೇವೆ.

"ಊಟ?" ಅಂದರು.

ನಲವತ್ತು ಗಂಟೆ ಬಂದವಳಿಗೆ ಅವರು ಕೇಳಿದ್ದು ಅದು.

ಮೂರು ವಾರ ಇದ್ದೆ. ವಾಪಸ್ ಹೋಗುವಾಗ ಗಾಳಿ ಎದುರಿಗಿತ್ತು, ಹನ್ನೊಂದು ಗಂಟೆ ಹಿಡಿಯಿತು.

ಈಗ ಅಪ್ಪಯ್ಯ ಕೋಲು ಹಿಡಿದು ತೋಟದ ಮೊದಲ ಸಾಲಿನವರೆಗೆ ಹೋಗುತ್ತಾರೆ. ಮಾತು ನಿಧಾನ, ಆದರೆ ಬೈಗುಳ ಎಲ್ಲ ಸರಿಯಾಗಿ ಬರುತ್ತದೆ. ಬಲಗೈಯಲ್ಲಿ ಅಡಿಕೆ ಹಿಡಿಯೋಕೆ ಆಗಲ್ಲ. ಸುಲಿತದ ಹೊತ್ತಲ್ಲಿ ಚಪ್ಪರದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಸುಲಿದವರ ಲೆಕ್ಕ ಇಡುತ್ತಾರೆ. ಪೂರ್ತಿ ಮೊದಲಿನ ಹಾಗೆ ಆಗಿಲ್ಲ. ಆಗುತ್ತಾರೆ ಅಂತ ನಾನು ಯಾರಿಗೂ ಹೇಳಲ್ಲ. ಹಾಸಿಗೆಯಲ್ಲಿ ಮಲಗಿಲ್ಲ, ಅಷ್ಟು ಸಾಕು.

ಆಮೇಲೊಮ್ಮೆ ಚಿಕ್ಕಪ್ಪನನ್ನು ಕೇಳಿದೆ, ಅವತ್ತು ನನ್ನ ಯಾವ ಮಾತಿಗೆ ಒಪ್ಪಿದಿರಿ ಅಂತ. "ನೀನು ಹೇಳಿದ್ದು ಎಂತದೂ ಅರ್ಥ ಆಗ್ಲಿಲ್ಲ ಮಾರಾಯ್ತಿ. ನೀನು ಅತ್ತೆಯಲ್ಲ, ಅದಕ್ಕೆ ಹೊರಟೆ" ಅಂದರು. ಅಪ್ಪಯ್ಯನನ್ನು ಉಳಿಸಿದ್ದು ನನ್ನ ನರ್ಸಿಂಗ್ ಅಂತ ಊರವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ನಂಬಿಕೆ ಇಲ್ಲದಿದ್ದರೂ ಕತ್ತಲಲ್ಲಿ 90 ಕಿ.ಮೀ. ಗಾಡಿ ಓಡಿಸಿದವರು ಅವರು.

*

ಈಗ ಆ ಹುಡುಗಿಗೆ ಉತ್ತರ.

ತಂಗೀ, ಅಮ್ಮನಿಗೆ ಹತ್ತು ಗಂಟೆ ಅಂತ ಹೇಳಬೇಡ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಒಂದು ದಿನ, ತುರ್ತು ಬಂದರೆ ಒಂದೂವರೆ ಎರಡು ದಿನ ಅಂತ ಹೇಳು. ಕೇಳಿ ಅಮ್ಮ ಬೇಡ ಅನ್ನಬಹುದು. ಅದು ಅವರ ಹಕ್ಕು. ಒಪ್ಪಿದರೆ, ನಿಜ ಗೊತ್ತಿದ್ದು ಒಪ್ಪಿದ ಹಾಗೆ ಆಗುತ್ತದೆ. ನಾನು ನನ್ನ ಅಪ್ಪಯ್ಯನಿಗೆ ಆ ಅವಕಾಶ ಕೊಡಲಿಲ್ಲ.

ಇನ್ನೊಂದು ಕೆಲಸ ಮಾಡು. ಟಿಕೆಟ್ ಬುಕ್ ಮಾಡುವ ಮೊದಲು ನಿಮ್ಮನೆಯಿಂದ ಹತ್ತಿರದಲ್ಲಿ ರಾತ್ರಿ ಹೊತ್ತೂ ಸಿ.ಟಿ. ಸ್ಕ್ಯಾನ್ ಇರುವ, ಸ್ಟ್ರೋಕಿನ ಇಂಜೆಕ್ಷನ್ ಕೊಡುವ ಆಸ್ಪತ್ರೆ ಎಲ್ಲಿದೆ ಅಂತ ನೀನೇ ಹೋಗಿ ವಿಚಾರಿಸು. ಎಷ್ಟು ಕಿ.ಮೀ., ಎಷ್ಟು ಹೊತ್ತು ಅಂತ ಬರೆದುಕೋ. ಕಾರಿರುವ ನೆರೆಯವರ ಇಬ್ಬರ ನಂಬರು, 108, ಅಪ್ಪ ಅಮ್ಮನ ಮಾತ್ರೆಗಳ ಹೆಸರು, ಎಲ್ಲ ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ. ಕೆಳಗೆ ನಾಲ್ಕು ಸಾಲು: ಬಾಯಿ ಸೊಟ್ಟ, ಕೈ ಮೇಲೆ ಬರಲ್ಲ, ಮಾತು ತೊದಲು, ಇವುಗಳಲ್ಲಿ ಯಾವುದು ಕಂಡರೂ ಗಡಿಯಾರ ನೋಡಿ ತಕ್ಷಣ ಹೊರಡಿ. ನೀರು, ಊಟ, ಮಾತ್ರೆ ಬೇಡ. ಬೆಳಗಾಗಲಿ ಅಂತ ಕಾಯಬೇಡಿ. ಮಗಳನ್ನು ಕೇಳೋಕೂ ಕಾಯಬೇಡಿ.

ಕೊನೆಯ ಸಾಲು ಮರೆಯಬೇಡ. ನಾನು ಬ್ರೇಕಿಗೆ ಹೋಗುವವರೆಗೆ ನಮ್ಮನೆಯಲ್ಲಿ ಮುಕ್ಕಾಲು ಗಂಟೆ ಕಾದಿದ್ದರು. "ಅಕ್ಕ ಏನು ಹೇಳ್ತಾಳೋ ನೋಡಣ" ಅಂತ. ನಾನು ದೂರ ಇರುವುದಕ್ಕೆ ಅವರು ತೆತ್ತ ಬೆಲೆ ಅದು. ಟಿಕೆಟಿನ ಬೆಲೆ ಅಲ್ಲ.

ಆ ಹಾಳೆ ನಮ್ಮನೆಯಲ್ಲಿ ಅಡಿಗೆಮನೆ ಬಾಗಿಲಿಗೆ ಅಂಟಿದೆ. ಅಪ್ಪಯ್ಯ ಅದರ ಮೇಲೆ ಎಡಗೈಯಲ್ಲಿ ಒಂದು ಸಾಲು ಸೇರಿಸಿದ್ದಾರೆ, ಮಕ್ಕಳ ಬರಹದ ಹಾಗೆ ಸೊಟ್ಟ ಅಕ್ಷರ: "ಇಂಗ್ಲೆಂಡ್ – 40 ಗಂಟೆ." ಈಗ ಊರಲ್ಲಿ ಯಾರಾದರೂ ಮಗಳು ಎಷ್ಟು ದೂರ ಅಂತ ಕೇಳಿದರೆ ಅದನ್ನೇ ಹೇಳುತ್ತಾರಂತೆ.

ಮುಂದಿನ ಕಂತಿನಲ್ಲಿ, ಇಲ್ಲಿ ರಜೆ ಕೇಳುವುದು ಹೇಗೆ ಅಂತ ಬರೆಯುತ್ತೇನೆ. ತುರ್ತು ರಜೆಗೂ ವಾರ್ಷಿಕ ರಜೆಗೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಒದ್ದಾಡಿದವರು ಬಹಳ ಜನ ಇದ್ದೀರಿ. ಅಲ್ಲಿಯವರೆಗೆ, ಇವತ್ತೇ ಮನೆಗೆ ಫೋನ್ ಮಾಡಿ ಆ ಕಿ.ಮೀ. ಎಷ್ಟು ಅಂತ ಕೇಳಿ.